ಬಾನೆಟ್ ಎತ್ತಿ ನೋಡುವ ನಾವು ಜಾಗದ ಕಾಗದ ಯಾಕೆ ನೋಡುವುದಿಲ್ಲ?

ನಮ್ಮೂರಿನ ಹೆದ್ದಾರಿ ಬದಿಯಲ್ಲಿ ಒಂದು ಸಣ್ಣ ಗ್ಯಾರೇಜ್ ಉಂಟು. ಆದಿತ್ಯವಾರ ಅಸರ್ ನಮಾಝ್ ಮುಗಿದ ಮೇಲೆ ನಾವು ಏಳೆಂಟು ಮಂದಿ ಅಲ್ಲಿ ಸೇರುವುದು ಹತ್ತು ಹದಿನೈದು ವರ್ಷದ ಅಭ್ಯಾಸ. ಕುಳಿತುಕೊಳ್ಳಲು ಹಳೆ ಬಸ್ಸಿನಿಂದ ಬಿಚ್ಚಿ ತಂದ ಒಂದು ಸೀಟು, ಎರಡು ಟಯರ್. ಸೇರುವವರಲ್ಲಿ ಒಬ್ಬರು ದಮ್ಮಾಮಿನಲ್ಲಿ ಇಪ್ಪತ್ತು ವರ್ಷ ಎ.ಸಿ. ಮೆಕ್ಯಾನಿಕ್ ಆಗಿದ್ದು ಊರಿಗೆ ಮರಳಿದವರು. ಒಬ್ಬ ವೆಲ್ಡರ್, ಒಬ್ಬ ಎಲೆಕ್ಟ್ರಿಷಿಯನ್, ಇಬ್ಬರು ರಿಕ್ಷಾದವರು, ಒಬ್ಬ ಟೈಲ್ಸ್ ಕೆಲಸದವ. ಕೈಯಲ್ಲಿ ಕಸುಬಿಲ್ಲದವನು ಅಂದರೆ ನಾನೊಬ್ಬನೇ. ಗ್ಯಾರೇಜಿನ ಯಜಮಾನರನ್ನು ನಾವೆಲ್ಲ ಕಾಕ ಎಂದೇ ಕರೆಯುವುದು.

ಅಲ್ಲಿ ಮಾತಿಗೆ ಎರಡೇ ವಿಷಯ. ಒಂದು ಗಾಡಿ, ಇನ್ನೊಂದು ಜಾಗ. ಯಾರ ಗಾಡಿಯ ಕ್ಲಚ್ ಹೋಯಿತು, ಯಾವ ಬ್ಯಾಟರಿ ಎಷ್ಟು ವರ್ಷ ಬಂತು ಎಂದು ಶುರುವಾದ ಮಾತು, ಚಾ ಬರುವಷ್ಟರಲ್ಲಿ ಮುಡಿಪಿನಲ್ಲಿ ಸೆಂಟ್ಸಿಗೆ ಎಷ್ಟಾಯಿತು, ಬಿ.ಸಿ.ರೋಡಿನ ಆಚೆ ಯಾರು ಎಷ್ಟು ಸೆಂಟ್ಸ್ ಮಾಡಿದರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಿಮ್ಮೂರಿನಲ್ಲೂ ಇಂತಹ ಒಂದು ಜಾಗ ಇದ್ದೇ ಇರುತ್ತದೆ. ಗ್ಯಾರೇಜ್ ಅಲ್ಲದಿದ್ದರೆ ಹೋಟೆಲ್, ಹೋಟೆಲ್ ಅಲ್ಲದಿದ್ದರೆ ಸೆಲೂನ್.

ಈ ಎರಡು ಮಾತುಗಳ ನಡುವೆ ಇರುವ ಒಂದು ವ್ಯತ್ಯಾಸದ ಬಗ್ಗೆ ಬರೆಯಬೇಕು ಎಂದು ನನಗೆ ಬಹಳ ದಿನದಿಂದ ಇತ್ತು. ಅದರಲ್ಲಿ ನನ್ನದೇ ಒಂದು ತಪ್ಪು ಸೇರಿರುವುದರಿಂದ ಬರೆಯಲು ನಾಚಿಕೆ ಆಗುತ್ತಿತ್ತು. ಈಗ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ಕಥೆ. ಒಂದು ಆದಿತ್ಯವಾರ ನಮ್ಮ ರಿಕ್ಷಾದವನ ಅಳಿಯ ಒಂದು ಹಳೆ ಆಲ್ಟೋ ತಗೊಳ್ಳುವ ಅಂದಾಜಿನಲ್ಲಿ ಅದನ್ನು ಗ್ಯಾರೇಜಿಗೆ ತಂದ. ಮಾರುವವನು ಕೇಳಿದ್ದು 1 ಲಕ್ಷ 40 ಸಾವಿರ. ಕಾಕ ಕೀ ಹಾಕುವ ಮೊದಲೇ ಬಾನೆಟ್ ಮೇಲೆ ಕೈಯಿಟ್ಟರು. ಬಿಸಿ ಇತ್ತು. "ಮೋನೇ, ಇದನ್ನು ಬೆಳಗ್ಗೆ ತಣ್ಣಗೆ ಇರುವಾಗ ಸ್ಟಾರ್ಟ್ ಮಾಡಿ ನೋಡಬೇಕು. ಬಿಸಿ ಎಂಜಿನ್ ಎಲ್ಲವೂ ಒಳ್ಳೆಯ ಎಂಜಿನ್ನೇ" ಅಂದರು. ಮತ್ತೆ ಬಾನೆಟ್ ಎತ್ತಿ ಬೋಲ್ಟುಗಳ ಮೇಲಿನ ಪೇಂಟ್ ನೋಡಿದರು. ಸ್ಪ್ಯಾನರ್ ಹಾಕಿದ ಗುರುತು ಇದ್ದರೆ ಬಾಡಿ ಬಿಚ್ಚಿದ್ದಾರೆ, ಎಲ್ಲೋ ಹೊಡೆದ ಗಾಡಿ ಎಂದು ಅರ್ಥ. ಆಯಿಲ್ ಕ್ಯಾಪ್ ತೆಗೆದು ಒಳಗೆ ಬಿಳಿ ನೊರೆ ಉಂಟಾ ಎಂದು ನೋಡಿದರು. ನೊರೆ ಇದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ವೆಲ್ಡರ್ ಅಡಿಗೆ ನುಗ್ಗಿ ಚಾಸಿಗೆ ತುಕ್ಕು ಹಿಡಿದಿದೆಯಾ ಎಂದು ಟಾರ್ಚ್ ಬಿಟ್ಟ. ಸಮುದ್ರದ ಗಾಳಿ ತಿಂದ ನಮ್ಮ ಕಡೆಯ ಗಾಡಿಗಳಿಗೆ ಇದು ದೊಡ್ಡ ಕಾಯಿಲೆ. ಎಲೆಕ್ಟ್ರಿಷಿಯನ್ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದ. ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಬೆಲ್ಟಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದಂತೆ. ಮೀಟರಿನಲ್ಲಿ 48 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಆದರೆ ಬ್ರೇಕ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಟಯರಿನ ಬದಿಯಲ್ಲಿರುವ ನಾಲ್ಕು ಅಂಕೆ ಓದಿದರು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಟಯರ್ ಗಾಡಿಗಿಂತಲೂ ಐದು ವರ್ಷ ಚಿಕ್ಕದು.

ಮುಕ್ಕಾಲು ಗಂಟೆ ಪರೀಕ್ಷೆ ಆದ ಮೇಲೆ ಕಾಕ ಕೈ ಒರೆಸಿಕೊಂಡು ಹೇಳಿದ್ದು ಒಂದೇ ಮಾತು: "ಬೇಡ."

ಹುಡುಗ ತಗೊಳ್ಳಲಿಲ್ಲ. ಮಾರುವವನಿಗೂ ಬೇಸರ ಆಗಲಿಲ್ಲ. ಗಾಡಿ ಅಂದ ಮೇಲೆ ನೋಡುತ್ತಾರೆ ಎಂದು ಅವನಿಗೂ ಗೊತ್ತು.

ಅದೇ ಸಂಜೆ, ಅದೇ ಬಸ್ಸಿನ ಸೀಟಿನಲ್ಲಿ, ಜಾಗದ ಮಾತು ಬಂತು. ನಮ್ಮ ಜೊತೆ ಬೆಳೆದ ಒಬ್ಬ ಗೆಳೆಯ ಗಲ್ಫಿನಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದ. 12 ಸೆಂಟ್ಸ್ ಜಾಗ ನೋಡಿದ್ದ. ಹಳೆ ಹಂಚಿನ ಮನೆ, ಬಾವಿ, ನಾಲ್ಕು ತೆಂಗು. ಸೆಂಟ್ಸಿಗೆ ಒಂದೂವರೆ ಲಕ್ಷ, ಒಟ್ಟು 18 ಲಕ್ಷ. "ಎಂತ ಮಾಡುವ ಹೇಳಿ" ಎಂದು ಕೇಳಿದ. ಒಬ್ಬ "ಬಾವಿಯಲ್ಲಿ ಬೇಸಿಗೆಗೂ ನೀರುಂಟು" ಅಂದ. ಇನ್ನೊಬ್ಬ "ರೋಡ್ ಅಗಲ ಆಗ್ತದೆ, ಐದು ವರ್ಷದಲ್ಲಿ ಡಬಲ್" ಅಂದ. ಮತ್ತೊಬ್ಬ "ಮಾರುವವರು ಒಳ್ಳೆ ಮನೆಯವರು, ಅವರ ಉಪ್ಪ ಎಂಥ ಮನುಷ್ಯ ಗೊತ್ತುಂಟಾ" ಅಂದ. ನಾನೂ ಸುಮ್ಮನಿರಲಿಲ್ಲ. "ಕಣ್ಣುಮುಚ್ಚಿ ತಗೋ ಮಾರಾಯ, ಇಂಥ ಜಾಗ ಮತ್ತೆ ಸಿಗುವುದಿಲ್ಲ" ಅಂದೆ.

1 ಲಕ್ಷ 40 ಸಾವಿರದ ಗಾಡಿಗೆ ಮುಕ್ಕಾಲು ಗಂಟೆ. 18 ಲಕ್ಷದ ಜಾಗಕ್ಕೆ ಒಂದು ಚಾ ಕುಡಿಯುವಷ್ಟು ಹೊತ್ತು. ಆ ಜಾಗದ ಒಂದು ಕಾಗದವನ್ನೂ ಅಲ್ಲಿದ್ದವರಲ್ಲಿ ಯಾರೂ ನೋಡಿರಲಿಲ್ಲ. ನಾನಂತೂ ಜಾಗವನ್ನೇ ನೋಡಿರಲಿಲ್ಲ.

ಗೆಳೆಯ 7 ಲಕ್ಷ ಮುಂಗಡ ಕೊಟ್ಟ. ಅದರಲ್ಲಿ ಹೆಂಡತಿಯ ಚಿನ್ನ ಅಡವಿಟ್ಟ ಹಣವೂ ಇತ್ತು. 2 ಲಕ್ಷ ಬ್ಯಾಂಕಿನಿಂದ ಹೋಯಿತು, 5 ಲಕ್ಷ ಕೈಯಲ್ಲಿ. ಸ್ಟ್ಯಾಂಪ್ ಪೇಪರಿನಲ್ಲಿ ಬರೆದದ್ದು ಬ್ಯಾಂಕಿನ 2 ಲಕ್ಷ ಮಾತ್ರ. ಪಹಣಿಯಲ್ಲಿ ಮಾರುವವರ ಹೆಸರು ಒಂದೇ ಇತ್ತು. "ಒಬ್ಬರದೇ ಹೆಸರು, ಕ್ಲೀನ್ ಉಂಟು" ಎಂದು ಬ್ರೋಕರ್ ಹೇಳಿದ್ದರು. ಗೆಳೆಯ ರಜೆ ಮುಗಿಸಿ ಹೋದ.

ಅವನು ಹೋಗಿ ಮೂರು ವಾರ ಆಗಿರಬೇಕು. ಒಬ್ಬ ಹೆಂಗಸು ಅವನ ಮನೆಗೆ ಬಂದು ಅವನ ಉಮ್ಮನ ಮುಂದೆ ಕೂತು ಹೇಳಿದರಂತೆ: "ಅದು ನಮ್ಮ ಉಪ್ಪನ ಜಾಗ. ನಾವು ಇಬ್ಬರು ಹೆಣ್ಣುಮಕ್ಕಳು ಇದ್ದೇವೆ, ಉಮ್ಮ ಇದ್ದಾರೆ. ನಮ್ಮ ಹತ್ತಿರ ಯಾರೂ ಒಂದು ಮಾತು ಕೇಳಲಿಲ್ಲ."

ಆಮೇಲೆ ಕೋರ್ಟು, ತಡೆಯಾಜ್ಞೆ. ಜಾಗ ಇಂದಿಗೂ ಹಾಗೇ ಉಂಟು. ಮಾರುವವರು ಮುಂಗಡದ ಹಣವನ್ನು ಮಗಳ ಮದುವೆಗೆ ಖರ್ಚು ಮಾಡಿ ಆಗಿತ್ತು. ಗೆಳೆಯನ ಹೆಂಡತಿ ನನ್ನ ಮನೆಯವಳ ಹತ್ತಿರ ಹೇಳಿದ ಮಾತು ನನಗೆ ಈಗಲೂ ಚುಚ್ಚುತ್ತದೆ: "ನಮ್ಮ ಹಣ ಹೋಯಿತು ಅಂತ ಬೇಜಾರು ಉಂಟು. ಆದರೆ ಆ ಹೆಂಗಸು ಹೇಳುವುದು ಸರಿ ಅಲ್ವಾ? ನಾಳೆ ನನ್ನ ಅಣ್ಣ ಹೀಗೆ ಮಾಡಿದರೆ ನಾನೂ ಹಾಗೇ ಹೋಗಿ ಕೂರಬೇಕಷ್ಟೆ."

ಸರಿಯೇ. ಲೆಕ್ಕ ಹಾಕಿ ನೋಡಿ. ತಂದೆ ತೀರಿಕೊಂಡಾಗ ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಮಾತ್ರ ವಾರೀಸುದಾರರಾಗಿದ್ದರೆ, ಹೆಂಡತಿಗೆ ಎಂಟನೇ ಒಂದು ಪಾಲು. ಉಳಿದದ್ದರಲ್ಲಿ ಮಗನಿಗೆ ಎರಡು ಭಾಗ, ಒಬ್ಬೊಬ್ಬ ಮಗಳಿಗೆ ಒಂದೊಂದು ಭಾಗ. 12 ಸೆಂಟ್ಸಿನಲ್ಲಿ ಉಮ್ಮನಿಗೆ ಒಂದೂವರೆ ಸೆಂಟ್ಸ್, ಮಗನಿಗೆ ಐದೂಕಾಲು ಸೆಂಟ್ಸ್, ಹೆಣ್ಣುಮಕ್ಕಳಿಬ್ಬರಿಗೂ ಸೇರಿ ಐದೂಕಾಲು ಸೆಂಟ್ಸ್. ಅಂದರೆ ಪಹಣಿಯಲ್ಲಿ ತನ್ನೊಬ್ಬನದೇ ಹೆಸರಿದ್ದ ಆ ಅಣ್ಣನಿಗೆ ನಿಜವಾಗಿ ಸೇರಿದ್ದು ಅರ್ಧ ಜಾಗವೂ ಅಲ್ಲ. ತಂದೆ ತೀರಿದ ಕ್ಷಣದಿಂದಲೇ ಈ ಪಾಲು ಅವರವರದ್ದು. ತಮ್ಮ ಪಾಲನ್ನು ಅವರಾಗಿ ಸಹಿ ಹಾಕಿ ಕೊಡದೆ ಅದು ಬೇರೆ ಯಾರದ್ದೂ ಆಗುವುದಿಲ್ಲ. ಕಂದಾಯ ದಾಖಲೆಯಲ್ಲಿ ಒಬ್ಬರ ಹೆಸರು ಬಂದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದೂ ಇಲ್ಲ.

ಹಾಗಾದರೆ ಗಾಡಿಯಲ್ಲಿ ಅಷ್ಟು ಜಾಣರಾದ ನಾವು ಜಾಗದಲ್ಲಿ ಹೀಗೆ ಯಾಕೆ? ನಾನು ಬಹಳ ಯೋಚನೆ ಮಾಡಿದೆ. ನಮಗೆ ಬುದ್ಧಿ ಕಡಿಮೆ ಎಂದು ನನಗೆ ಅನ್ನಿಸುವುದಿಲ್ಲ. ಕೈಯಲ್ಲಿ ಮುಟ್ಟಿ ನೋಡುವ ವಸ್ತುವನ್ನು ಪರೀಕ್ಷೆ ಮಾಡಲು ನಮಗೆ ಸಂಕೋಚ ಇಲ್ಲ. ಕಾಗದ ಕೇಳಲು ಮಾತ್ರ ನಾಚಿಕೆ. ಬಾನೆಟ್ ಎತ್ತಿದರೆ ಅದು ಪರೀಕ್ಷೆ, ಪತ್ರ ಕೇಳಿದರೆ ಅದು ಅನುಮಾನ! "ಎಂತ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂಬ ಒಂದು ಪ್ರಶ್ನೆ ಬಂದರೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಒಂದೇ ಮಸೀದಿಯವರು, ಸಂಬಂಧದವರು, ನಾಳೆ ಮದುವೆ ಮನೆಯಲ್ಲಿ ಮುಖ ನೋಡಬೇಕಾದವರು.

ಈ ನಾಚಿಕೆ ಜಾಗಕ್ಕೆ ಮಾತ್ರ ಅಲ್ಲ. ಗಾಡಿಯಲ್ಲೂ ಕಬ್ಬಿಣ ನೋಡುವ ನಾವು ಕಾಗದ ನೋಡುವುದಿಲ್ಲ. ನಮ್ಮ ವೆಲ್ಡರ್ ಒಮ್ಮೆ ತನ್ನ ಹಳೆ ಸ್ಕೂಟರನ್ನು 18 ಸಾವಿರಕ್ಕೆ ಪರಿಚಯದವನಿಗೆ ಕೊಟ್ಟ. ಖಾಲಿ ಫಾರ್ಮಿಗೆ ಸಹಿ ಹಾಕಿ, "ನೀನೇ ನಿನ್ನ ಹೆಸರಿಗೆ ಮಾಡಿಕೋ" ಅಂದ. ಅವನು ಮಾಡಲಿಲ್ಲ. ಅವನಿಂದ ಅದು ಇನ್ನೊಬ್ಬನಿಗೆ ಹೋಯಿತು. ಎರಡು ವರ್ಷ ಕಳೆದ ಮೇಲೆ ಅಪಘಾತದ ಕೇಸಿನ ನೋಟಿಸ್ ಬಂದದ್ದು ವೆಲ್ಡರನ ಮನೆಗೆ. ಸ್ಕೂಟರ್ ಎಲ್ಲಿ ಉಂಟು ಎಂದೇ ಅವನಿಗೆ ಗೊತ್ತಿರಲಿಲ್ಲ. ಗಾಡಿ ಮಾರಿದ್ದರೂ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಮಾರಿದವರು ಫಾರ್ಮ್ 29, ಫಾರ್ಮ್ 30 ಭರ್ತಿ ಮಾಡಿಸಿ, ಹೆಸರು ಬದಲಾದ ಆರ್.ಸಿ.ಯ ಪ್ರತಿ ಕೈಗೆ ಬರುವವರೆಗೆ ಬಿಡಬಾರದು. ಲೋನ್ ಇದ್ದ ಗಾಡಿಯಾದರೆ ಬ್ಯಾಂಕಿನಿಂದ ಫಾರ್ಮ್ 35 ತರಿಸಿ ಆರ್.ಸಿ.ಯಲ್ಲಿರುವ ಸಾಲದ ನಮೂದು ತೆಗೆಸಬೇಕು. ಕಾಸರಗೋಡಿನಿಂದ ಕೆ.ಎಲ್. ನಂಬರಿನ ಗಾಡಿ ಕಡಿಮೆಗೆ ಸಿಗುತ್ತದೆ ಎಂದು ತರುವವರು ಅಲ್ಲಿನ ಆರ್.ಟಿ.ಒ.ದ ಎನ್.ಒ.ಸಿ.ಯನ್ನೂ, ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಗ ಕಡಿಮೆ ಬೆಲೆ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ.

ಗಾಡಿಯ ಕಾಗದದಲ್ಲಿ ತಪ್ಪಿದರೆ ಸಾವಿರಗಳಲ್ಲಿ ಮುಗಿಯಬಹುದು. ಜಾಗದ ಕಾಗದದಲ್ಲಿ ತಪ್ಪಿದರೆ ಒಂದು ಮನುಷ್ಯನ ಹತ್ತು ವರ್ಷದ ದುಡಿಮೆ ಹೋಗುತ್ತದೆ.

ಜಾಗಕ್ಕೂ ಬಾನೆಟ್ ಉಂಟು. ಅದನ್ನು ಎತ್ತುವುದು ಹೇಗೆ ಎಂದು ಈ ಪ್ರಕರಣದ ನಂತರ ನಾನು ವಕೀಲರಲ್ಲಿಗೂ ತಾಲೂಕು ಕಚೇರಿಗೂ ಅಲೆದು ಕಲಿತಷ್ಟನ್ನು ಗ್ಯಾರೇಜಿನ ಭಾಷೆಯಲ್ಲೇ ಹೇಳುತ್ತೇನೆ.

ಪಹಣಿ ಅಂದರೆ ಆರ್.ಟಿ.ಸಿ. ಇದು ಗಾಡಿಯ ಮೀಟರ್ ಇದ್ದ ಹಾಗೆ. ನೋಡಲೇಬೇಕು, ಆದರೆ ಅದನ್ನೊಂದೇ ನಂಬಬಾರದು. 9ನೇ ಕಾಲಂನಲ್ಲಿ ಹೆಸರು, 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳ ವಿವರ ಇರುತ್ತದೆ. ಮೊಬೈಲಿನಲ್ಲೇ ನೋಡಬಹುದು. ಆದರೆ ಹೆಸರು ಹೇಗೆ ಬಂತು ಎಂದು ತಿಳಿಯಲು ಮ್ಯುಟೇಶನ್ ತೆಗೆಸಬೇಕು. ತಂದೆ ತೀರಿದ ಮೇಲೆ ಪೌತಿ ಖಾತೆಯಲ್ಲಿ ಬಂದದ್ದಾದರೆ ವಂಶವೃಕ್ಷದಲ್ಲಿ ಯಾರ್ಯಾರು ಇದ್ದಾರೆ, ಹೆಣ್ಣುಮಕ್ಕಳ ಹೆಸರು ಉಂಟಾ, ಅವರು ಹಕ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಉಂಟಾ ಎಂದು ನೋಡಬೇಕು. ನನ್ನ ಗೆಳೆಯನ ವಿಷಯದಲ್ಲಿ ಈ ಒಂದು ಕಾಗದ ತೆಗೆಸಿದ್ದರೆ ಸಾಕಿತ್ತು.

ಎರಡನೆಯದು ಇ.ಸಿ., ಋಣಭಾರ ಪತ್ರ. ಇದು ಗಾಡಿಯ ಸರ್ವಿಸ್ ಹಿಸ್ಟರಿ. ಯಾರಿಂದ ಯಾರಿಗೆ ಹೋಯಿತು, ಎಲ್ಲಿ ಅಡಮಾನ ಆಯಿತು ಎಂದು ಇದರಲ್ಲಿ ಬರುತ್ತದೆ. ವ್ಯವಹಾರ ಇದ್ದರೆ ಫಾರ್ಮ್ 15, ಏನೂ ಇಲ್ಲದಿದ್ದರೆ ಫಾರ್ಮ್ 16 ಸಿಗುತ್ತದೆ. ಕನಿಷ್ಠ 30 ವರ್ಷದ್ದು ತೆಗೆಸಿ. ಆದರೆ ನೆನಪಿಡಿ, ನೋಂದಣಿ ಆದದ್ದು ಮಾತ್ರ ಇದರಲ್ಲಿ ಕಾಣುವುದು. ಬರೇ ಸ್ಟ್ಯಾಂಪ್ ಪೇಪರಿನಲ್ಲಿ ಮಾಡಿದ ಅಗ್ರಿಮೆಂಟ್ ಇದರಲ್ಲಿ ಬರುವುದಿಲ್ಲ. ನಿಮಗಿಂತ ಮೊದಲು ಇನ್ನಿಬ್ಬರ ಹತ್ತಿರ ಮುಂಗಡ ತಗೊಂಡಿದ್ದರೂ ಇ.ಸಿ. ಕ್ಲೀನಾಗಿಯೇ ಇರುತ್ತದೆ.

ಮೂರನೆಯದು ಮೂಲ ಮತ್ತು ನಕ್ಷೆ. ನಮ್ಮ ಜಿಲ್ಲೆಯಲ್ಲಿ ಜಾಗಕ್ಕೆ ಹಲವು ಜಾತಿ. ವರ್ಗ ಜಾಗ ಬೇರೆ, ಕುಮ್ಕಿ ಬೇರೆ, ಮೂಲಗೇಣಿ ಬೇರೆ, ಡಿಕ್ಲರೇಷನಿನಲ್ಲಿ ಬಂದದ್ದು ಬೇರೆ, ದರ್ಖಾಸ್ತು, ಅಕ್ರಮ-ಸಕ್ರಮದಲ್ಲಿ ಬಂದದ್ದು ಬೇರೆ. ಕುಮ್ಕಿ ಅಂದರೆ ವರ್ಗ ಜಾಗದ ಅಂಚಿನಲ್ಲಿರುವ ಸರಕಾರಿ ಜಾಗ. ಸೊಪ್ಪು, ಸೌದೆಗೆ ಅನುಭವಿಸುವ ಸವಲತ್ತು ಉಂಟು, ಮಾರುವ ಹಕ್ಕು ಇಲ್ಲ. ಬೇಲಿ ಹಾಕಿ "ಒಟ್ಟು 15 ಸೆಂಟ್ಸ್" ಎಂದು ತೋರಿಸಿದ್ದರಲ್ಲಿ 5 ಸೆಂಟ್ಸ್ ಕುಮ್ಕಿ ಆಗಿರುವುದು ನಮ್ಮಲ್ಲಿ ಹೊಸತೇನಲ್ಲ. ಸರಕಾರ ಮಂಜೂರು ಮಾಡಿದ ಜಾಗಕ್ಕೆ ಇಷ್ಟು ವರ್ಷ ಮಾರಬಾರದು ಎಂಬ ಶರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವನ್ನು ಸರಕಾರದ ಅನುಮತಿ ಇಲ್ಲದೆ ಕೊಳ್ಳುವಂತೆಯೇ ಇಲ್ಲ, 1978ರಿಂದ ಅದಕ್ಕೆ ಪ್ರತ್ಯೇಕ ಕಾಯ್ದೆ ಉಂಟು. ಡಿಕ್ಲರೇಷನ್ ಜಾಗವಾದರೆ ಭೂ ನ್ಯಾಯಮಂಡಳಿಯ ಆದೇಶ ಕೇಳಿ. ದೊಡ್ಡ ಸರ್ವೆ ನಂಬರಿನಿಂದ ಒಂದು ತುಂಡು ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಸರ್ವೆಯವರು ಬಂದು ಅಳೆದು ಕಲ್ಲು ಹಾಕಿದ ಮೇಲೆಯೇ 12 ಸೆಂಟ್ಸ್ ನಿಜವಾಗಿ 12 ಸೆಂಟ್ಸ್ ಆಗುವುದು. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಟೇಪ್ ಹಿಡಿದು ಅಳೆಯಲು ನಮ್ಮ ಟೈಲ್ಸಿನವನಿಗೆ ಗೊತ್ತಿಲ್ಲದ್ದೇನಲ್ಲ!

ನಾಲ್ಕನೆಯದು, ಆ ಜಾಗದಲ್ಲಿ ಮನೆ ಕಟ್ಟಲು ಆಗುತ್ತದಾ ಎಂಬುದು. ಕೃಷಿ ಜಾಗವಾದರೆ ಕನ್ವರ್ಷನ್ ಆಗಿದೆಯಾ? ಪಂಚಾಯತ್ ವ್ಯಾಪ್ತಿಯಾದರೆ 9/11 ಆಗಿದೆಯಾ? ರಸ್ತೆ ಯಾರ ಜಾಗದಲ್ಲಿ ಬರುತ್ತದೆ, ಅದು ಪತ್ರದಲ್ಲಿ ಉಂಟಾ, ಬರೇ ಬಾಯಿಮಾತಾ? ಇವತ್ತು ರಿಕ್ಷಾ ಹೋಗುವ ದಾರಿಗೆ ನಾಳೆ ಪಕ್ಕದವರು ಬೇಲಿ ಹಾಕಿದರೆ ನಿಮ್ಮ ಕೈಯಲ್ಲಿ ಏನು ಕಾಗದ ಇರುತ್ತದೆ?

ಗಲ್ಫಿನಲ್ಲಿ ಇರುವವರಿಗೆ ಇನ್ನೊಂದು ಮಾತು. 2020ರಲ್ಲಿ ರಾಜ್ಯದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತು. ಅದನ್ನು ಕೇಳಿ ಬಹಳ ಜನ "ಇನ್ನು ಯಾರು ಬೇಕಾದರೂ ತೋಟ ಮಾಡಬಹುದು" ಎಂದುಕೊಂಡಿದ್ದಾರೆ. ಆದರೆ ವಿದೇಶಿ ವಿನಿಮಯದ ಕಾನೂನು ಬೇರೆ. ಅದರ ಪ್ರಕಾರ ಅನಿವಾಸಿ ಭಾರತೀಯರು ಊರಲ್ಲಿ ಮನೆ, ಸೈಟ್, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರೀಸಾಗಿ ಬಂದದ್ದು ಇಟ್ಟುಕೊಳ್ಳಲು ಅಡ್ಡಿ ಇಲ್ಲ. ಅಡಿಕೆ ತೋಟದ ಕನಸಿನಲ್ಲಿ ಹಣ ಕಳಿಸುವ ಮೊದಲು ಇದನ್ನು ಒಬ್ಬ ವಕೀಲರಲ್ಲಿ ಕೇಳಿ ಮುಂದುವರಿಯಿರಿ. ಯಾರದೋ ಹೆಸರಿನಲ್ಲಿ ಮಾಡಿ, ಆಮೇಲೆ ಅಣ್ಣತಮ್ಮಂದಿರು ಮುಖ ನೋಡದ ಹಾಗೆ ಆದ ಮನೆಗಳು ನಮ್ಮ ನಡುವೆಯೇ ಇವೆ.

ಹಣದ ವಿಷಯ. ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎಂದು 2015ರಿಂದಲೇ ಆದಾಯ ತೆರಿಗೆ ಕಾನೂನು ಹೇಳುತ್ತದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕಾನೂನು ಬಿಡಿ, ನಿಮ್ಮ ಸ್ವಂತ ರಕ್ಷಣೆಗೇ ಬ್ಯಾಂಕಿನ ಮೂಲಕ ಕೊಡಿ. ನನ್ನ ಗೆಳೆಯ ಕೊಟ್ಟ 7 ಲಕ್ಷದಲ್ಲಿ ಸಾಕ್ಷಿ ಇರುವುದು 2 ಲಕ್ಷಕ್ಕೆ ಮಾತ್ರ. ಉಳಿದ 5 ಲಕ್ಷಕ್ಕೆ ಅಲ್ಲಾಹನೇ ಸಾಕ್ಷಿ. ಅಗ್ರಿಮೆಂಟನ್ನು ನೋಂದಣಿ ಮಾಡಿಸಿ, ಗಡುವಿನ ದಿನಾಂಕ ಬರೆಸಿ. ಎದುರಿನವರು ಮಾತು ತಪ್ಪಿದರೆ ಆ ದಿನಾಂಕದಿಂದ 3 ವರ್ಷದೊಳಗೆ ಕೋರ್ಟಿಗೆ ಹೋಗಬೇಕು. "ನೋಡುವ, ಮಾಡುವ" ಎಂದು ಕಾದು ಕೂತರೆ ಆ ದಾರಿಯೂ ಮುಚ್ಚುತ್ತದೆ. ಪವರ್ ಆಫ್ ಅಟಾರ್ನಿ ಬರೆಸಿಕೊಂಡು "ಜಾಗ ಆಯಿತು" ಎಂದುಕೊಳ್ಳುವವರೂ ಇದ್ದಾರೆ. ಅದರಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಆಗಿದೆ.

ಇಷ್ಟು ಹೇಳಿದಾಗ ಗ್ಯಾರೇಜಿನಲ್ಲಿ ಒಬ್ಬ ಎದ್ದು ಕೇಳಿದ: "ಹೀಗೆಲ್ಲ ನೋಡುತ್ತಾ ಕೂತರೆ ದಕ್ಷಿಣ ಕನ್ನಡದಲ್ಲಿ ಯಾರೂ ಜಾಗ ಮಾಡಲಿಕ್ಕಿಲ್ಲ ಮಾರಾಯ್ರೆ. ಎರಡು ತಿಂಗಳ ರಜೆಯಲ್ಲಿ ಬಂದವ ಎಷ್ಟು ಕಚೇರಿ ಅಲೆಯುವುದು?" ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಕಚೇರಿಗಳಲ್ಲಿ ಒಂದು ನಕ್ಷೆಗೆ ಎಷ್ಟು ಸಲ ಹೋಗಬೇಕಾಗುತ್ತದೆ ಎಂದು ಹೋದವರಿಗೇ ಗೊತ್ತು. ಪ್ರಾಮಾಣಿಕವಾಗಿ ದುಡಿಯುವ ಬ್ರೋಕರುಗಳೂ ಇದ್ದಾರೆ, ಅವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅವರ ಸಹಾಯದಿಂದಲೇ ನಮ್ಮಲ್ಲಿ ಎಷ್ಟೋ ಬಡವರು ಐದು ಸೆಂಟ್ಸಿನ ಮಾಲಕರಾಗಿದ್ದಾರೆ.

ಆದರೆ ಅದಕ್ಕೆ ಉತ್ತರ ಕಾಕನೇ ಕೊಟ್ಟರು. "ಗಾಡಿ ನೋಡಲು ಸಮಯ ಇಲ್ಲದವನಿಗೆ ನಾನು ಎಂತ ಹೇಳ್ತೇನೆ? ಗಾಡಿ ತಗೊಳ್ಳಬೇಡ, ಬಸ್ಸಿನಲ್ಲಿ ಹೋಗು ಅಂತೇನೆ." ರಜೆ ಎರಡು ತಿಂಗಳಾದರೆ ಈ ರಜೆಯಲ್ಲಿ ಕಾಗದ ನೋಡಿ, ಮುಂದಿನ ರಜೆಯಲ್ಲಿ ಜಾಗ ಮಾಡಿ. ಹೋದರೆ ಇನ್ನೊಂದು ಜಾಗ ಬರುತ್ತದೆ, ಹೋದ ಹಣ ಬರುವುದಿಲ್ಲ. 18 ಲಕ್ಷ ಹಾಕುವವನಿಗೆ ವಕೀಲರ ಅಭಿಪ್ರಾಯಕ್ಕೆ ಕೊಡುವ ಕೆಲವು ಸಾವಿರ ಭಾರ ಆಗಬಾರದು. ಅದೂ ಮಾರುವವರ ವಕೀಲರಲ್ಲ, ಬ್ರೋಕರ್ ತೋರಿಸಿದ ವಕೀಲರಲ್ಲ, ನೀವೇ ಹುಡುಕಿದ ವಕೀಲರು.

ಇನ್ನು "ನಂಬಿಕೆ ಇಲ್ವಾ" ಎಂಬ ಪ್ರಶ್ನೆಗೆ. ಕುರ್‌ಆನಿನ ಅತಿ ಉದ್ದದ ಸೂಕ್ತ ಯಾವುದು ಎಂದು ಮದ್ರಸ ಕಲಿತ ಮಕ್ಕಳಲ್ಲಿ ಕೇಳಿ. ಸೂರಾ ಅಲ್ ಬಕರದ 282ನೇ ಸೂಕ್ತ. ಅದರ ವಿಷಯ, ಗಡುವು ಇಟ್ಟು ಮಾಡುವ ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳು ಇರಬೇಕು ಎಂಬುದು. ಬರೆಯಲು ಹೇಳಿದ್ದು ಪರಸ್ಪರ ನಂಬಿಕೆ ಇಲ್ಲದವರಿಗೆ ಎಂದಲ್ಲ, ಎಲ್ಲ ವಿಶ್ವಾಸಿಗಳಿಗೆ. ಹಾಗಿರುವಾಗ ಕಾಗದ ಕೇಳಿದವನು ಅನುಮಾನದವನು ಎಂದು ನಾವು ಎಲ್ಲಿಂದ ಕಲಿತೆವು? ಹೆಣ್ಣುಮಕ್ಕಳ ಪಾಲಿನ ಬಗ್ಗೆಯೂ ಅಷ್ಟೆ. "ನಮ್ಮಲ್ಲಿ ಹೆಣ್ಣಿಗೂ ಪಾಲುಂಟು" ಎಂದು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಪಹಣಿ ಮಾಡಿಸುವಾಗ ತಂಗಿಯ ಹೆಸರು ಮರೆತುಹೋಗುತ್ತದೆ. ಮಾರುವವನು ಮರೆತರೂ ಕೊಳ್ಳುವವನು ಮರೆಯಬಾರದು. "ತಂಗಿಯಂದಿರ ಸಹಿ ಆಗಲಿ, ಆಮೇಲೆ ಮುಂಗಡ" ಎಂದು ಕೊಳ್ಳುವವರೆಲ್ಲ ಗಟ್ಟಿಯಾಗಿ ಕೇಳಿದರೆ ಎಷ್ಟೋ ಹೆಣ್ಣುಮಕ್ಕಳ ಪಾಲು ಕೋರ್ಟಿಗೆ ಹೋಗದೆಯೇ ಸಿಕ್ಕೀತು.

ಈಗ ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯಾರಾದರೂ ಜಾಗದ ವಿಷಯ ತಂದರೆ "ಒಳ್ಳೆ ಜಾಗ" ಎಂಬ ಮಾತು ಯಾರೂ ಹೇಳುವಂತಿಲ್ಲ. ಮೊದಲು ಕೇಳುವುದು, "ಪಹಣಿ ಉಂಟಾ? ಯಾರ್ಯಾರು ವಾರೀಸುದಾರರು? ವಕೀಲರು ನೋಡಿದ್ದಾರಾ?" ಮೊಬೈಲಿನಲ್ಲಿ ಪಹಣಿ ತೆಗೆಯಲು ಎಲೆಕ್ಟ್ರಿಷಿಯನ್ನನ ಮಗಳು ಕಲಿಸಿಕೊಟ್ಟಿದ್ದಾಳೆ. ಪಿಯುಸಿ ಓದುವ ಹುಡುಗಿ, ಅವಳಿಗೆ ಅದು ಐದು ನಿಮಿಷದ ಕೆಲಸ. ಪ್ರತಿ ಮನೆಯಲ್ಲೂ ಇಂತಹ ಓದಿದ ಮಕ್ಕಳಿದ್ದಾರೆ. ಮದುವೆ ಮನೆಯ ಮೆನು ನೋಡಲು ಅವರನ್ನು ಕೂರಿಸುವ ನಾವು ಜಾಗದ ಪತ್ರ ಓದಲೂ ಕೂರಿಸಬೇಕು. ಹೆಂಗಸರನ್ನೂ ಕೇಳಬೇಕು. ಚಿನ್ನ ಅವರದ್ದು ಹೋಗುವುದಾದರೆ ಮಾತು ಕೂಡ ಅವರದ್ದು ಇರಬೇಕಲ್ವಾ?

ನನ್ನ ಗೆಳೆಯ ಆ ಘಟನೆಯ ಮೇಲೆ ಎರಡು ರಜೆಯಲ್ಲಿ ಬಂದರೂ ಗ್ಯಾರೇಜಿಗೆ ಬರಲಿಲ್ಲ. ಜುಮಾದಲ್ಲಿ ಸಿಕ್ಕಿದರೆ ಸಲಾಂ ಹೇಳಿ ಹೋಗುತ್ತಿದ್ದ. ಊರಿಗೆ ಬಂದು ನೆಲೆಸುವ ಯೋಚನೆಯನ್ನು ಮುಂದೆ ಹಾಕಿದ್ದಾನೆ ಎಂದು ಬೇರೆಯವರಿಂದ ಕೇಳಿದೆ. ಒಂದು ದಿನ ನಾನೇ ಅವನ ಮನೆಗೆ ಹೋಗಿ, "ಜಾಗ ನೋಡದೆ ಕಣ್ಣುಮುಚ್ಚಿ ತಗೋ ಎಂದು ಹೇಳಿದ್ದು ನನ್ನ ತಪ್ಪು, ಮಾಫ್ ಮಾಡು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ, "ನೀನೊಬ್ಬನೇ ಹೇಳಿದ್ದಲ್ಲ. ಆದರೆ ನೀನು ಓದಿದವ, ನಿನ್ನ ಮಾತಿಗೆ ನಾನು ಹೆಚ್ಚು ತೂಕ ಕೊಟ್ಟೆ" ಅಂದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಕಳೆದ ರಜೆಯಲ್ಲಿ ಅವನು ಗ್ಯಾರೇಜಿಗೆ ಬಂದ. ಬಸ್ಸಿನ ಸೀಟಿನಲ್ಲಿ ಕೂತು, ಚಾ ಕುಡಿದು, ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟ. ಅವನ ಭಾವ 6 ಸೆಂಟ್ಸ್ ನೋಡಿದ್ದಾನಂತೆ, ಅದರ ಪಹಣಿ. "ನೋಡು, ಹೇಗುಂಟು?" ಎಂದು ಕೇಳಿದ.

ನಾನು ಎರಡು ಸಲ ಓದಿದೆ. ಹೆಸರು ಒಂದೇ ಇತ್ತು, 11ನೇ ಕಾಲಂ ಖಾಲಿ ಇತ್ತು. ಹಿಂದಿನ ನಾನಾಗಿದ್ದರೆ "ಕ್ಲೀನ್ ಉಂಟು" ಅನ್ನುತ್ತಿದ್ದೆ.

"ನನಗೆ ಗೊತ್ತಿಲ್ಲ" ಅಂದೆ. "ನಾಳೆ ಬೆಳಗ್ಗೆ ವಕೀಲರ ಹತ್ತಿರ ಹೋಗುವ. ನಾನೂ ಬರ್ತೇನೆ."